ಗೋಲಿನ ಲೆಕ್ಕ ಬಿಡಿ, ಪಂದ್ಯಗಳ ಲೆಕ್ಕ ಕೇಳಿ

(ಖಾನಾಪುರ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ, ಹೆಸರು ಬೇಡವೆಂದಿದ್ದಾರೆ: "ಭಾರತದ ಫುಟ್‌ಬಾಲ್ ಆಟಗಾರ್ತಿ ಮನೀಷಾ ಕಲ್ಯಾಣ್ ಕುರಿತ ನಿಮ್ಮ ಲೇಖನ ಓದಿದ ದಿನದಿಂದ ಮಗಳಿಗೆ ಯುರೋಪಿನದೇ ಧ್ಯಾನ. ಒಂಬತ್ತನೇ ತರಗತಿ, ಶಾಲಾ ತಂಡದಲ್ಲಿ ಫಾರ್ವರ್ಡ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವವಳು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಚೆಂಡು ಒದ್ದರೆ ಹೊಟ್ಟೆ ತುಂಬುತ್ತದೆಯೇ ಎಂದು ಅವಳ ಕಾಕಾ ಕೇಳುತ್ತಾರೆ. ಬೆಳಗಾವಿಯ ಒಬ್ಬರು ಎರಡು ಲಕ್ಷ ಕೊಟ್ಟರೆ ವಿದೇಶಿ ಕ್ಲಬ್ಬಿನಲ್ಲಿ ಟ್ರಯಲ್ಸ್ (ಆಯ್ಕೆಯ ಆಟ) ಕೊಡಿಸುತ್ತಾರಂತೆ. ನೀವು ಗೋಲುಗಳನ್ನು ಬರೆದಿರಿ, ದಾರಿಯನ್ನು ಬರೆಯಲಿಲ್ಲ.")

ಅಕ್ಕನವರೇ, ಹಣದ ಮಾತನ್ನು ಮೊದಲು ಮುಗಿಸಿಬಿಡೋಣ. ಕೊಡಬೇಡಿ. ಹದಿನೆಂಟು ತುಂಬದ ಆಟಗಾರರನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗಾಯಿಸುವುದಕ್ಕೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮವೇ ಅಡ್ಡವಿದೆ. ಹೆತ್ತವರು ಬೇರೆ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಎಂಬಂತಹ ಕೆಲವು ವಿನಾಯಿತಿಗಳಿವೆ. ನಿಮ್ಮ ಮನೆಗೆ ಅವು ಸಂಬಂಧಿಸಿದವಲ್ಲ. ಆ ಮನುಷ್ಯನಿಗೆ ಈ ನಿಯಮ ಗೊತ್ತಿಲ್ಲದಿದ್ದರೆ ಆತ ಏಜೆಂಟ್ ಅಲ್ಲ. ಗೊತ್ತಿದ್ದೂ ಕೇಳುತ್ತಿದ್ದರೆ ಏನೆನ್ನಬೇಕೆಂದು ನಿಮಗೇ ಗೊತ್ತು.

ಇನ್ನು ದಾರಿ. ಎಲ್ಲರಿಗೂ ನೆನಪಿರುವುದು 2021ರ ನವೆಂಬರ್‌ನಲ್ಲಿ ಮನೌಸ್‌ನಲ್ಲಿ ಬ್ರೆಜಿಲ್ ವಿರುದ್ಧ ಮನೀಷಾ ಹೊಡೆದ ಗೋಲು. ಆ ಪಂದ್ಯವನ್ನು ಭಾರತ 1-6ರಿಂದ ಸೋತಿತು. ಇಪ್ಪತ್ತು ತುಂಬಲು ಎರಡೇ ದಿನ ಬಾಕಿಯಿದ್ದ ಹುಡುಗಿಯ ಆ ಒಂದು ಗೋಲು ವಾರಗಟ್ಟಲೆ ಮೊಬೈಲುಗಳಲ್ಲಿ ಓಡಾಡಿತು. ಆದರೆ ಅವಳನ್ನು ಅಲ್ಲಿಗೆ ತಂದದ್ದು ಅದಕ್ಕೂ ಹಿಂದೆ ಆಡಿದ ಪಂದ್ಯಗಳು. ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಹಳ್ಳಿಯಲ್ಲಿ ಮೊದಲು ಓಟ ಮತ್ತು ಬ್ಯಾಸ್ಕೆಟ್‌ಬಾಲ್‌ನಲ್ಲಿದ್ದವಳು ಫುಟ್‌ಬಾಲ್‌ಗೆ ಬಂದು, ತಮಿಳುನಾಡಿನ ಸೇತು ಎಫ್‌ಸಿ, ಆಮೇಲೆ ಗೋಕುಲಂ ಕೇರಳ ತಂಡಗಳ ಪರವಾಗಿ ದೇಶದ ಅಗ್ರ ಮಹಿಳಾ ಲೀಗ್ ಆದ ಇಂಡಿಯನ್ ವಿಮೆನ್ಸ್ ಲೀಗ್ ಆಡಿದಳು. ಏಷ್ಯಾದ ಕ್ಲಬ್ ಚಾಂಪಿಯನ್‌ಶಿಪ್‌ನಲ್ಲೂ ಗೋಲು ಹೊಡೆದಳು. 2022ರಲ್ಲಿ ಸೈಪ್ರಸ್‌ನ ಅಪೊಲೊನ್ ಕ್ಲಬ್ ಕರೆದಾಗ ತೋರಿಸಲು ಅವಳ ಬಳಿ ಪಂದ್ಯಗಳಿದ್ದವು.

ಆ ಆಗಸ್ಟ್ ತಿಂಗಳನ್ನು ನಾನು ಮರೆಯಲಾರೆ. 15ರಂದು ಫಿಫಾ ಭಾರತದ ಫುಟ್‌ಬಾಲ್ ಒಕ್ಕೂಟವನ್ನು ಅಮಾನತು ಮಾಡಿತು. ಅದರಿಂದ ನಮ್ಮ ಕ್ಲಬ್‌ಗಳು ಹೊರದೇಶದ ಟೂರ್ನಿ ಆಡುವಂತಿರಲಿಲ್ಲ; ಏಷ್ಯಾ ಟೂರ್ನಿಗೆಂದು ಹೋಗಿದ್ದ ಗೋಕುಲಂ ಹುಡುಗಿಯರು ಉಜ್ಬೇಕಿಸ್ತಾನದ ತಾಷ್ಕೆಂಟ್‌ನಲ್ಲಿ ಬೂಟು ಕಟ್ಟದೆ ಕುಳಿತರು. 18ರಂದು ಅವರ ಹಿಂದಿನ ಜೊತೆಗಾತಿ ಮನೀಷಾ, ಲಾಟ್ವಿಯಾದ ರೀಗಾ ತಂಡದ ವಿರುದ್ಧ ಬದಲಿ ಆಟಗಾರ್ತಿಯಾಗಿ ಇಳಿದು, ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್ ಆಡಿದ ಮೊದಲ ಭಾರತೀಯಳಾದಳು. ಒಂದೇ ವಾರ, ಒಂದೇ ಕ್ಲಬ್ಬಿನಿಂದ ಬಂದವರು. ಆಡಳಿತದವರ ಜಗಳಕ್ಕೆ ಬೆಲೆ ತೆತ್ತವರು ಆಟಗಾರ್ತಿಯರು. ಮುಂದೆ ಅವಳು ಗ್ರೀಸ್‌ನ ಪಾವೊಕ್, ಅಲ್ಲಿಂದ ಪೆರುವಿನ ಅಲಿಯಾಂಜಾ ಲಿಮಾ ಸೇರಿದಳು.

ಆದರೂ ನಿಮ್ಮ ಮಗಳಿಗೆ ನಾನು ಹೇಳಬಯಸುವುದು ಮಣಿಪುರದ ಬಾಲಾದೇವಿಯ ಕಥೆಯನ್ನು. ಚಿಕ್ಕಂದಿನಲ್ಲಿ ಹುಡುಗರ ಜೊತೆ ಆಡಿ ಬೆಳೆದವರು. ಹದಿಹರೆಯದಲ್ಲೇ ಭಾರತ ತಂಡ, ದೇಶಕ್ಕಾಗಿ ಐವತ್ತಕ್ಕೂ ಹೆಚ್ಚು ಗೋಲು. ಇಷ್ಟಾಗಿಯೂ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಅವರಿಗೆ ಹದಿನೆಂಟು ತಿಂಗಳ ಒಪ್ಪಂದ ಕೊಟ್ಟದ್ದು 2020ರ ಜನವರಿಯಲ್ಲಿ, ಮೂವತ್ತರ ಹೊಸ್ತಿಲಲ್ಲಿ. ಅದೂ ಟ್ರಯಲ್ಸ್‌ನಲ್ಲಿ ಆಡಿ ತೋರಿಸಿದ ಮೇಲೆ. ಹೋದ ಕೆಲವೇ ವಾರಗಳಲ್ಲಿ ಕೋವಿಡ್‌ನಿಂದ ಲೀಗ್ ನಿಂತಿತು. ಮೊದಲ ಗೋಲು ಬಂದದ್ದು ಡಿಸೆಂಬರ್‌ನಲ್ಲಿ, ಮದರ್‌ವೆಲ್ ವಿರುದ್ಧ. ಮರುವರ್ಷ ಮೊಣಕಾಲು ಕೈಕೊಟ್ಟಿತು. ವಿದೇಶಿ ಕ್ಲಬ್ಬಿನೊಂದಿಗೆ ವೃತ್ತಿಪರ ಒಪ್ಪಂದ ಮಾಡಿಕೊಂಡ ಮೊದಲ ಭಾರತೀಯ ಮಹಿಳೆಯ ಅನುಭವವೇ ಹೀಗಿದೆ. ಎರಡು ಲಕ್ಷದ ಮನುಷ್ಯನಿಗೆ ಇದನ್ನು ಓದಿ ಹೇಳಿ.

ಬೆಳಗಾವಿಯಲ್ಲಿ ಒಳ್ಳೆಯ ಟರ್ಫ್ (ಹುಲ್ಲುಹಾಸಿನ ಅಂಕಣ) ಇಲ್ಲ ಎಂಬ ಮಾತನ್ನು ಬಹಳ ಕೇಳಿದ್ದೇನೆ, ನಾನು ಒಪ್ಪುವುದಿಲ್ಲ. ಲೇಲೆ ಮೈದಾನದಲ್ಲಿ ಆಡಿ ಬೆಳೆದ ಹುಡುಗರು ಟರ್ಫ್ ನೋಡಿರಲಿಲ್ಲ. ನಮ್ಮ ಹುಡುಗಿಯರಿಗೆ ಇಲ್ಲದಿರುವುದು ಪಂದ್ಯ. ಶಿಕ್ಷಣ ಇಲಾಖೆಯ ಶಾಲಾ ಕ್ರೀಡಾಕೂಟ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಏರುತ್ತದೆ. ಸೋತವರು ಅಲ್ಲಿಗೇ ಮನೆಗೆ. ತಾಲ್ಲೂಕಿನಲ್ಲೇ ಸೋತ ಹುಡುಗಿಗೆ ಆ ವರ್ಷದ ಫುಟ್‌ಬಾಲ್ ಒಂದು ಮಧ್ಯಾಹ್ನದಲ್ಲಿ ಮುಗಿದಂತೆ. ಫಾರ್ವರ್ಡ್ ಆಟ ಹಾಗೆ ಬರುವುದಿಲ್ಲ. ಡಿಫೆಂಡರ್ ಯಾವ ಕಾಲಿನ ಮೇಲೆ ಭಾರ ಹಾಕಿದ್ದಾಳೆ, ಆಫ್‌ಸೈಡ್ ಆಗದಂತೆ ಯಾವ ಕ್ಷಣಕ್ಕೆ ಓಟ ಕೀಳಬೇಕು, ತಪ್ಪಿಸಿಕೊಂಡ ಅವಕಾಶವನ್ನು ಮುಂದಿನ ನಿಮಿಷದಲ್ಲೇ ಹೇಗೆ ಮರೆಯಬೇಕು ಎಂಬುದನ್ನು ಎದುರಾಳಿಯೇ ಕಲಿಸಬೇಕು. ಕೋನ್ ಇಟ್ಟು ಓಡಿಸಿದರೆ ಕಾಲು ಚುರುಕಾಗುತ್ತದೆ, ಅಷ್ಟೇ.

ಹಾಗಾಗಿ ದೈಹಿಕ ಶಿಕ್ಷಕರನ್ನು ಕಂಡು ಒಂದು ಕೋರಿಕೆ ಇಡಿ. ಸುತ್ತಲಿನ ನಾಲ್ಕು ಶಾಲೆಗಳು ಸೇರಿ, ಪ್ರತಿ ತಂಡ ಉಳಿದ ಮೂರರೊಂದಿಗೆ ಎರಡೆರಡು ಬಾರಿ ಆಡಿದರೆ ಪ್ರತಿಯೊಬ್ಬಳಿಗೂ ಆರು ಪಂದ್ಯ ಸಿಗುತ್ತವೆ. ಖರ್ಚು ಬಸ್ ಚಾರ್ಜು ಮತ್ತು ಅವಲಕ್ಕಿ. ಅನಮೋಡ ಘಾಟ ಇಳಿದರೆ ಗೋವಾ. ಅಲ್ಲಿ ಮಹಿಳೆಯರ ಲೀಗ್ ನಡೆಯುತ್ತದೆ, ಆಗಾಗ ಕರೆದೊಯ್ದು ತೋರಿಸಿ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2023ರಲ್ಲಿ ರಾಷ್ಟ್ರೀಯ ಲೀಗ್‌ನ ಫೈನಲ್‌ಗೆ ಹೋಗಿತ್ತು (ಗೋಕುಲಂ ಎದುರು 0-5, ಹೀನಾಯ ಸೋಲು, ಆದರೂ ಫೈನಲ್). ನಮ್ಮ ರಾಜ್ಯದಲ್ಲೇ ಮೆಟ್ಟಿಲಿದೆ, ದೂರ ಮಾತ್ರ ಜಾಸ್ತಿ.

ಮೊಣಕಾಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಫಿಫಾ ರೂಪಿಸಿದ "11 ಪ್ಲಸ್" ಎಂಬ ಇಪ್ಪತ್ತು ನಿಮಿಷಗಳ ವಾರ್ಮ್‌ಅಪ್ ಇದೆ, ಅದಕ್ಕೆ ಹಣವೂ ಬೇಡ, ಯಂತ್ರವೂ ಬೇಡ. ಶಿಕ್ಷಕರಿಗೆ ತಿಳಿಸಿ.

ಕಾಕಾ ಅವರ ಪ್ರಶ್ನೆ ಕುಹಕದ್ದಾದರೂ ನ್ಯಾಯವಾದದ್ದು. ಇಂಡಿಯನ್ ವಿಮೆನ್ಸ್ ಲೀಗ್‌ನ ಮೇಲಿನ ಎಂಟು ಕ್ಲಬ್‌ಗಳು ತಲಾ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗಿಂತ ಕಡಿಮೆಯಿಲ್ಲದ ಒಪ್ಪಂದ ಕೊಡಬೇಕೆಂದು ಒಕ್ಕೂಟ 2023ರಲ್ಲಿ ತೀರ್ಮಾನಿಸಿತು. ದೇಶದ ಅಗ್ರ ಲೀಗ್‌ಗೆ ಆಗ ಗೊತ್ತುಪಡಿಸಿದ ಕನಿಷ್ಠ ಕೂಲಿ ಅದು. ಬಾಲಾದೇವಿಗೂ ಮಣಿಪುರ ಪೊಲೀಸ್ ಇಲಾಖೆಯ ನೌಕರಿ ಆಸರೆಯಾಗಿತ್ತು. ಇಂತಹ ನೌಕರಿಗಳಿಗೆ ಅರ್ಜಿ ಹಾಕುವಾಗ ಪದಕದ ಜೊತೆ ಅಂಕಪಟ್ಟಿಯನ್ನೂ ಕೇಳುತ್ತಾರೆ. ಆದ್ದರಿಂದ ಎಸ್ಸೆಸ್ಸೆಲ್ಸಿ ತಪ್ಪಿಸಬೇಡಿ, ಅದರ ನೆಪದಲ್ಲಿ ಒಂದು ವರ್ಷ ಬೂಟನ್ನೂ ಕಪಾಟಿಗೆ ಹಾಕಬೇಡಿ. ಸಂಜೆಯ ಒಂದು ಗಂಟೆಯಿಂದ ಯಾರೂ ಫೇಲಾಗುವುದಿಲ್ಲ. ಜನನ ಪ್ರಮಾಣಪತ್ರದಲ್ಲಿ, ಆಧಾರ್‌ನಲ್ಲಿ, ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಒಂದೇ ಇದೆಯೇ ಎಂದು ಈ ವಾರವೇ ನೋಡಿ. ವಯೋಮಿತಿಯ ಆಯ್ಕೆಗೆ ಹೋದಾಗ ಮೊದಲು ಕೇಳುವುದು ಅದನ್ನೇ.

— ಸಂಪಾದಕ