ತಾಯಿ ಕೋಳಿಗೂ ಪಿಳ್ಳೆಗಳಿಗೂ ಒಂದೇ ಮೇವು ಹಾಕಬಹುದೇ?

ಹಾಕಬಹುದು. ಆದರೆ ಅದು ಪಿಳ್ಳೆಗಳ ಮೇವಾಗಿರಬೇಕು, ದೊಡ್ಡವುಗಳದ್ದಲ್ಲ. ನೀವು ಮೊಟ್ಟೆ ಕೋಳಿಗೆಂದು ತಂದ ಲೇಯರ್ ಫೀಡನ್ನೇ ಮೂರು ವಾರದ ಮರಿಗಳಿಗೂ ಹಾಕಿ, ಜೊತೆಗೆ ಅಕ್ಕಿ ನುಚ್ಚು ಚೆಲ್ಲುತ್ತಿದ್ದೇನೆ, ಮರಿಗಳ ರೆಕ್ಕೆ ಜೋತು ಬಿದ್ದಿದೆ ಅಂದಿದ್ದೀರಿ. ಮರಿಗಳಿಗೆ ಲೇಯರ್ ಫೀಡ್ ಇವತ್ತೇ ನಿಲ್ಲಿಸಿ.

ಮೊಟ್ಟೆಯ ಚಿಪ್ಪು ಗಟ್ಟಿಯಾಗಲೆಂದು ಅದರಲ್ಲಿ ಸುಮಾರು ಶೇ. 3.5 ಕ್ಯಾಲ್ಸಿಯಂ ಹಾಕಿರುತ್ತಾರೆ. ಮರಿಗೆ ಬೇಕಾದ್ದು ಶೇ. 1ರ ಆಸುಪಾಸು. ಮಿಕ್ಕಿದ್ದನ್ನು ಹೊರಹಾಕಲು ಹೆಣಗಿ ಮೂತ್ರಪಿಂಡ ಕೆಡುತ್ತದೆ, ನೋಡೋಕೆ ಮಾತ್ರ ಮರಿ ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ. ಆದರೆ ತಾಯಿ ಕೋಳಿ ಸ್ಟಾರ್ಟರ್, ಅಂದರೆ ಮರಿಗಳ ಮೇವು, ತಿಂದರೆ ತೊಂದರೆಯಿಲ್ಲ. ಮರಿ ಮಾಡಿಕೊಂಡು ತಿರುಗುವ ಹೇಂಟೆ ಈಗ ಹೇಗೂ ಮೊಟ್ಟೆ ಇಡುವುದಿಲ್ಲ. ಮೊಟ್ಟೆ ಇಡುವ ಉಳಿದ ಕೋಳಿಗಳಿಗೆ ಕಪ್ಪೆಚಿಪ್ಪಿನ ಚೂರನ್ನೋ, ಹುರಿದು ಪುಡಿ ಮಾಡಿದ ಮೊಟ್ಟೆ ಚಿಪ್ಪನ್ನೋ ಬೇರೆ ಬಟ್ಟಲಲ್ಲಿಡಿ. ಬೇಕಾದವು ಬೇಕಾದಷ್ಟೇ ಕುಟುಕುತ್ತವೆ. ಸ್ಟಾರ್ಟರ್‌ನಲ್ಲಿ ಔಷಧಿ ಬೆರೆಸಿದ್ದರೆ ಮಾತ್ರ, ಅದನ್ನು ತಿಂದ ಕೋಳಿಯ ಮೊಟ್ಟೆ ತಿನ್ನಬಹುದೇ ಎಂದು ಪಶುವೈದ್ಯರನ್ನು ಕೇಳಿ.

ಸ್ಟಾರ್ಟರ್ ದುಬಾರಿ, ದೊಡ್ಡವೇ ಮುಗಿಸಿಬಿಡುತ್ತವೆ ಅನ್ನೋದು ನಿಜ. ನಮ್ಮಲ್ಲಿ ಮಂಕರಿಯನ್ನು ಮಗುಚಿ, ಅಂಚಿಗೆ ಮೂರು ಕಲ್ಲು ಕೊಟ್ಟು ಎತ್ತರಿಸಿ, ಒಳಗೆ ಮೇವಿನ ತಟ್ಟೆ ಇಡುತ್ತೇವೆ. ಪಿಳ್ಳೆಗಳು ನುಸುಳಿ ಹೋಗಿ ತಿನ್ನುತ್ತವೆ, ಹುಂಜ ಹೊರಗೆ ಸುತ್ತು ಹೊಡೆಯುತ್ತಿರುತ್ತಾನೆ. ಮೊದಲ ಎಂಟು ವಾರಕ್ಕೆ ಒಂದು ನಾಟಿ ಪಿಳ್ಳೆ ಎರಡು ಕಿಲೋ ಕೂಡ ತಿನ್ನುವುದಿಲ್ಲ. ಅಲ್ಲಿ ಉಳಿತಾಯ ನೋಡಬೇಡಿ.

ಇನ್ನು ನುಚ್ಚು. ಹೊಟ್ಟೆ ತುಂಬುತ್ತದೆ, ಮೈ ಬೆಳೆಯುವುದಿಲ್ಲ. ಮರಿಗೆ ಶೇ. 20ರಷ್ಟು ಪ್ರೋಟೀನ್ ಬೇಕು, ನುಚ್ಚಿನಲ್ಲಿರುವುದು ಶೇ. 8ರಷ್ಟು. ರೆಕ್ಕೆ ಜೋತು ಬಿದ್ದಿದೆ ಅಂದಿರಲ್ಲ, ಅದಕ್ಕೆ ಇದೂ ಕಾರಣವಿರಬಹುದು. ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಮೇವಿನ ಮಾತಲ್ಲ, ರಕ್ತಭೇದಿ. ಕೂಡಲೇ ವೈದ್ಯರಿಗೆ ತೋರಿಸಿ.

ಮನೆಯಲ್ಲೇ ಮಾಡಿಕೊಳ್ಳುವುದಾದರೆ ಅರ್ಧದಷ್ಟು ಮುಸುಕಿನ ಜೋಳದ ತರಿ, ಮೂರರಲ್ಲೊಂದು ಪಾಲು ಸೋಯಾ ಹಿಂಡಿ, ಉಳಿದದ್ದು ತೌಡು, ಉಪ್ಪಿಲ್ಲದ ಒಣಮೀನಿನ ಪುಡಿ, ಒಂದಿಷ್ಟು ಖನಿಜ ಮಿಶ್ರಣ. ಹಳೇ ಮಡಕೆಗೆ ಸಗಣಿ, ಒಣಹುಲ್ಲು ತುಂಬಿ ನೀರು ಚಿಮುಕಿಸಿ ಹಿತ್ತಲಲ್ಲಿ ಬೋರಲು ಹಾಕಿದರೆ ಗೆದ್ದಲು ಹತ್ತುತ್ತದೆ. ಪಿಳ್ಳೆಗಳಿಗೆ ಅದಕ್ಕಿಂತ ಹಬ್ಬ ಬೇರೆಯಿಲ್ಲ.

ದೊಡ್ಡವುಗಳದ್ದು ಸುಲಭ. ಕಟ್ಟಿಹಾಕಿ ಸಾಕಿದರೆ ದಿನಕ್ಕೆ ನೂರು ಗ್ರಾಂ ಮೇಲೆ ಬೇಕು. ಹಿತ್ತಲಲ್ಲಿ ಕೆದಕಿ ತಿನ್ನುವವಕ್ಕೆ ಸಂಜೆ ಒಂದೊಂದು ಹಿಡಿ ರಾಗಿಯೋ ಜೋಳವೋ ಸಾಕು, ಆ ಆಸೆಗೆ ಗೂಡಿಗೂ ಬರುತ್ತವೆ. ನೀರು ಮಾತ್ರ ಎಲ್ಲಕ್ಕೂ ಸದಾ ಇರಲಿ, ಮರಿಗಳಿಗೆ ಆಳವಿಲ್ಲದ ತಟ್ಟೆಯಲ್ಲಿ.

ಬೂಸಲು ಹಿಡಿದ ಜೋಳ, ಕಡಲೆಕಾಯಿ ಹಿಂಡಿ ವಿಷವೇ ಸರಿ. ತಿಪ್ಪೆಗೂ ಎಸೆಯಬೇಡಿ, ಮೊದಲು ಕೆದಕುವುದೇ ಅಲ್ಲಿ.