ಹಳೆಯ ಮನೆಯ ಮಹಡಿಗೆ ಮರವೋ, ಗರ್ಡರೋ, ಸ್ಲ್ಯಾಬೋ?

ಶಿರಸಿಯ ಸಮೀಪದ ನಿಮ್ಮ ಚೀರೆಕಲ್ಲಿನ ಮನೆಯಲ್ಲಿ ಸೌದೆ ಒಲೆಯ ಮೇಲೆಯೇ ಅಡಿಕೆ ತುಂಬಿಡುವ ಹಲಗೆಯ ಮಹಡಿಯಿದೆ. ಖರ್ಚು ಮತ್ತು ಬೆಂಕಿ ಎರಡನ್ನೂ ನೋಡಿದರೆ ಅದನ್ನೇ ಉಳಿಸಿಕೊಳ್ಳಬೇಕೋ, ಉಕ್ಕಿನ ಗರ್ಡರ್ ಕೂರಿಸಬೇಕೋ, ಕಾಂಕ್ರೀಟಿನ ಸ್ಲ್ಯಾಬ್ ಹಾಕಬೇಕೋ ಎಂದು ಕೇಳಿದ್ದೀರಿ. ಕಾರವಾರದಲ್ಲಿ ಕಟ್ಟಡದ ಕೆಲಸ ಮಾಡಿಸುವ ನಾನು ಸ್ಲ್ಯಾಬನ್ನೇ ಹೇಳುತ್ತೇನೆ, ಆದರೆ ಅದರ ದಪ್ಪವನ್ನೂ ಕವರನ್ನೂ (ಒಳಗಿನ ಸರಳಿನ ಕೆಳಗೆ ಉಳಿಯುವ ಕಾಂಕ್ರೀಟಿನ ದಪ್ಪ) ನೀವೇ ನಿಂತು ನೋಡಿಸುವುದಾದರೆ ಮಾತ್ರ.

ಮರವನ್ನು ಅಷ್ಟೇನೂ ಹಳಿಯಬೇಕಾಗಿಲ್ಲ. ದಪ್ಪ ತೊಲೆಗೆ ಬೆಂಕಿ ಹಿಡಿದರೂ ಅದು ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಮಿಲಿಮೀಟರಿನಷ್ಟೇ ಕರಿಕಾಗುತ್ತ ಹೋಗುತ್ತದೆ, ಆ ಇದ್ದಿಲಿನ ಪದರವೇ ಒಳಮರವನ್ನು ಕಾಯುತ್ತದೆ. ಸೋಲುವುದು ಒಂದು ಇಂಚಿನ ಹಲಗೆ ಮತ್ತು ಅದರ ಸಂದುಗಳು. ಹಿಂದಿನವರು ಹಲಗೆಯ ಮೇಲೆ ಮಣ್ಣು ಹರಡಿ ಮುಚ್ಚಿಗೆ ಮಾಡಿದ್ದು ದಡ್ಡತನದಿಂದಲ್ಲ. ಬರಿಯ ಗರ್ಡರ್ ಉರಿಯುವುದಿಲ್ಲ, ನಿಜ, ಆದರೆ 550 ಡಿಗ್ರಿ ಸೆಲ್ಸಿಯಸ್ ಆಗುವಷ್ಟರಲ್ಲಿ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಕಾಂಕ್ರೀಟು ಕೆಲಸದ ಭಾರತೀಯ ಮಾನಕವಾದ ಐಎಸ್ 456ರ 2000ದ ಆವೃತ್ತಿಯ ಪ್ರಕಾರ 1 ಗಂಟೆ ಬೆಂಕಿ ತಾಳಲು ಸ್ಲ್ಯಾಬ್ 95 ಮಿ.ಮೀ. ದಪ್ಪವಿದ್ದು 20 ಮಿ.ಮೀ. ಕವರ್ ಇದ್ದರೆ ಸಾಕು. 2 ಗಂಟೆಗೆ 125 ಮಿ.ಮೀ. ದಪ್ಪ ಬೇಕು, ಎರಡು ಗೋಡೆಗಳ ಮೇಲೆ ಸುಮ್ಮನೆ ಕೂತ ಸ್ಲ್ಯಾಬಾದರೆ ಕವರ್ 35 ಬೇಕು. ಖರ್ಚಿನ ಭಯ ಇಲ್ಲಿ ಅನಗತ್ಯ. 400 ಚದರ ಅಡಿಯ ಸ್ಲ್ಯಾಬನ್ನು 125ರಿಂದ 150ಕ್ಕೆ ಏರಿಸಿದರೂ ಹೆಚ್ಚುವ ಕಾಂಕ್ರೀಟು ಒಂದು ಘನ ಮೀಟರಿನ ಒಳಗೆ, ಅಂದರೆ ಏಳೆಂಟು ಮೂಟೆ ಸಿಮೆಂಟು ಮತ್ತು ಅದಕ್ಕೆ ತಕ್ಕ ಜಲ್ಲಿ, ಮರಳು. ಕಾಂಕ್ರೀಟನ್ನು ಹೊರಲು ಕೆಳಗೆ ಕಟ್ಟುವ ಸೆಂಟ್ರಿಂಗಿನ ಖರ್ಚು ಹೇಗಿದ್ದರೂ ಅಷ್ಟೇ. ಭಾರ ಮಾತ್ರ ಬೇರೆ ಮಾತು: 125ರ ಸ್ಲ್ಯಾಬೇ ಚದರ ಮೀಟರಿಗೆ 300 ಕಿಲೋ ಮೀರುವುದರಿಂದ, ಮಣ್ಣಿನಲ್ಲಿ ಕಟ್ಟಿದ ಗೋಡೆಗಳು ಅದನ್ನು ಹೊರುತ್ತವೆಯೇ ಎಂದು ಮೊದಲು ಎಂಜಿನಿಯರರಿಗೆ ತೋರಿಸಿ.

ಕಡಲ ದಂಡೆಯ ಒಂದು ಮನೆಯಲ್ಲಿ ಸ್ಲ್ಯಾಬಿನ ಅಡಿಯ ಗಾರೆ ಹಪ್ಪಳದಂತೆ ಕಳಚಿದ್ದನ್ನು ಕಂಡೆ. ಸರಳನ್ನು ಎತ್ತಿ ಹಿಡಿಯುವ ಕವರ್ ಬ್ಲಾಕಿನ ಬದಲು ಜಲ್ಲಿಚೂರಿಟ್ಟು ಸರಳು ಹಾಸಿದ್ದರಿಂದ ಕಬ್ಬಿಣದ ಕೆಳಗೆ ಉಗುರಿನ ದಪ್ಪದ ಕಾಂಕ್ರೀಟೂ ಇರಲಿಲ್ಲ. ಅಲ್ಲಿ ಉಪ್ಪುಗಾಳಿ ಮಾಡಿದ ಕೆಲಸವನ್ನು ನಿಮ್ಮ ಅಡುಗೆಮನೆಯ ಬೆಂಕಿ ಇನ್ನೂ ಬೇಗ ಮಾಡೀತು. ಆದ್ದರಿಂದ ಕಾಂಕ್ರೀಟು ಹಾಕುವ ಹಿಂದಿನ ಸಂಜೆ ಸೆಂಟ್ರಿಂಗಿನ ಮೇಲೇರಿ, ಎರಡು ಬೆರಳನ್ನು ಒಂದರ ಮೇಲೊಂದಿಟ್ಟು ಸರಳಿನ ಅಡಿಗೆ ತೂರಿಸಿ ನೋಡಿ. ತೂರದಿದ್ದರೆ ಮರುದಿನದ ಕೆಲಸವನ್ನು ನಿಲ್ಲಿಸಿ.