ಫೆಲಿಸಿಟಿ ಆಸ್ಟನ್ ಯಾರು? ಅವರು ವಿಜ್ಞಾನಿಯೋ, ಸಾಹಸಿಯೋ? ನನ್ನ ಮಗಳಿಗೂ ಅವರ ದಾರಿ ಹಿಡಿಯೋ ಆಸೆ.

ಎರಡೂ ಹೌದು, ಆದರೆ ಮೊದಲು ಬಂದದ್ದು ವಿಜ್ಞಾನ. ಬ್ರಿಟನ್ನಿನ ಫೆಲಿಸಿಟಿ ಭೌತವಿಜ್ಞಾನ, ಆಮೇಲೆ ಹವಾಮಾನ ವಿಜ್ಞಾನ ಓದಿದವರು. 23ನೇ ವಯಸ್ಸಿಗೇ ಅಂಟಾರ್ಕ್ಟಿಕಾದ ರೋಥೆರಾ ಸಂಶೋಧನಾ ಕೇಂದ್ರಕ್ಕೆ ಕೆಲಸಕ್ಕೆ ಹೋದರು. ಎರಡೂವರೆ ವರ್ಷ ಅಲ್ಲಿದ್ದು ಹವಾಮಾನ, ಓಝೋನ್ ಪದರದ ಮೇಲೆ ಕಣ್ಣಿಟ್ಟರು.

ಹೆಸರು ಬಂದದ್ದು 2012ರಲ್ಲಿ. ಒಬ್ಬರೇ ಕಾಲಿಗೆ ಸ್ಕೀ (ಹಿಮದ ಮೇಲೆ ಜಾರುವ ಉದ್ದ ಪಟ್ಟಿ) ಕಟ್ಟಿಕೊಂಡು, ಸಾಮಾನಿನ ಜಾರುಬಂಡಿ ಎಳೆಯುತ್ತಾ ಇಡೀ ಅಂಟಾರ್ಕ್ಟಿಕಾ ದಾಟಿದರು. 59 ದಿನ, 1744 ಕಿ.ಮೀ. ನಮ್ಮ ಬೆಂಗಳೂರಿಂದ ದೆಹಲಿಗೆ ನೇರ ಗೆರೆ ಎಳೆದರೆ ಹೆಚ್ಚುಕಮ್ಮಿ ಅಷ್ಟೇ ದೂರ! ಯಂತ್ರ ಇಲ್ಲ, ಎಳೆಯೋಕೆ ಗಾಳಿಪಟವೂ ಇಲ್ಲ, ಬರೀ ಮೈಶಕ್ತಿ. ಹೀಗೆ ಒಂಟಿಯಾಗಿ ದಾಟಿದ ಮೊದಲ ಮಹಿಳೆ ಅವರೇ. ಚಳಿಗಿಂತ ಜಾಸ್ತಿ ಕಾಡಿದ್ದು ಒಂಟಿತನ. ಮಾತಾಡಲು ಯಾರೂ ಇಲ್ಲದೆ ಸೂರ್ಯನ ಜೊತೆಗೇ ಮಾತು ಶುರು ಮಾಡಿದ್ದರಂತೆ.

ನನಗೆ ಅದಕ್ಕಿಂತ ಇಷ್ಟವಾಗೋದು 2009ರ ಯಾತ್ರೆ. ಕಾಮನ್‌ವೆಲ್ತ್ ದೇಶಗಳ ಮಹಿಳೆಯರ ತಂಡ ಕಟ್ಟಿಕೊಂಡು ದಕ್ಷಿಣ ಧ್ರುವ ಮುಟ್ಟಿದರು. ನಮ್ಮ ರೀನಾ ಕೌಶಲ್ ಧರ್ಮಶಕ್ತು ಸ್ಕೀ ಮಾಡಿಕೊಂಡು ಅಲ್ಲಿಗೆ ತಲುಪಿದ ಮೊದಲ ಭಾರತೀಯ ಮಹಿಳೆಯಾದದ್ದು ಈ ತಂಡದಲ್ಲೇ.

ಈಚೆಗೆ ಫೆಲಿಸಿಟಿ ಆರ್ಕ್ಟಿಕ್‌ನ ಹಿಮದ ಮಾದರಿ ತಂದು ಮೈಕ್ರೋಪ್ಲಾಸ್ಟಿಕ್ (ತೀರಾ ಸಣ್ಣ ಪ್ಲಾಸ್ಟಿಕ್ ಚೂರು), ಮಸಿಯ ಕಣ ಹುಡುಕುವ ಕೆಲಸಕ್ಕೆ ಇಳಿದಿದ್ದಾರೆ. ಮಸಿ ಕೂತ ಹಿಮ ಬಿಸಿಲನ್ನು ಜಾಸ್ತಿ ಹೀರುತ್ತದೆ, ಬೇಗ ಕರಗುತ್ತದೆ. ಅದಕ್ಕೇ ಈ ಲೆಕ್ಕ ಮುಖ್ಯ.

ನಿಮ್ಮ ಮಗಳಿಗೆ ಇದೇ ದಾರಿ ಹಿಡಿಯೋ ಆಸೆ ಅಂದಿದ್ದೀರಲ್ವಾ? ಪಿಯುಸಿಯಲ್ಲಿ ಭೌತವಿಜ್ಞಾನ, ಗಣಿತ ಬಿಡಬೇಡಿ ಅನ್ನಿ. ಹವಾಮಾನ ಬದಲಾವಣೆಗೇ ಮೀಸಲಾದ ದಿವೇಚಾ ಕೇಂದ್ರ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ (ಐಐಎಸ್‌ಸಿ) ಇದೆ.